ಉಳಿಸಿಟ್ಟ ಪಾಸ್‌ವರ್ಡ್

ಪರದೆಯ ನಡುವೆ ಖಾಲಿ ಚೌಕ, ಒಳಗೆ ಮಿಟುಕುವ ಸಣ್ಣ ಗೆರೆ, ಪಾಸ್‌ವರ್ಡ್ ಕೇಳುತ್ತಿದೆ, ಗೊತ್ತಿದ್ದವರು ಹಾಕಲಿ, ಬೆನ್ನ ಹಿಂದೆ ನಿಂತ ಲ್ಯಾಬಿನ ಐದು ಜನರಲ್ಲಿ ಒಬ್ಬರಿಗೂ ಅದು ಗೊತ್ತಿಲ್ಲ, ಬೆಳಗ್ಗೆಯಿಂದ ಅವಳನ್ನು ಬೈಯುವುದು ಮಾತ್ರ ಗೊತ್ತು — ಚೆನ್ನಾಗಿದ್ದ ಕಂಪ್ಯೂಟರ್ ಕೆಡಿಸಿಟ್ಟೆಯಲ್ಲ. ಚೆನ್ನಾಗಿತ್ತಂತೆ, ಒಂದು ರಕ್ತಪರೀಕ್ಷೆಯ ವರದಿ ತೆರೆಯುವಷ್ಟರಲ್ಲಿ ಚಹಾ ಕುಡಿದು ಲೋಟ ತೊಳೆದಿಟ್ಟು ಬರಬಹುದಿತ್ತು. ಈ ಲ್ಯಾಬಿಗೆ ವರದಿ ಟೈಪ್ ಮಾಡಲು ಸೇರಿ ಎರಡು ವರ್ಷ, ಎರಡು ವರ್ಷವೂ ಗಿರಗಿರ ತಿರುಗುವ ಆ ಚಕ್ರವನ್ನೇ ನೋಡಿದ್ದಾಳೆ, ಹೊರಗೆ ಬೆಂಚಿನ ಮೇಲೆ ರೋಗಿಗಳು, ಅವರ ಗೊಣಗಾಟ ಕೇಳುವವಳೂ ಅವಳೇ, ಇನ್ನೊಂದೈದು ನಿಮಿಷ ಅಮ್ಮಾ, ಬಂತು ಅಮ್ಮಾ, ಸುಳ್ಳು ಹೇಳಿ ಹೇಳಿ ನಾಲಿಗೆ ಸವೆದುಹೋಯಿತು. ಬ್ರೌಸರಿನ ತಲೆಯ ಮೇಲೆ ಏನೇನು ಹೇರಿದ್ದರು — ಹಿರಿಯ ಟೆಕ್ನಿಷಿಯನ್, ಎಲ್ಲರ ಬಾಯಲ್ಲಿ ಕೂಪನ್ ಅಣ್ಣ, ಅವನದೊಂದು ರಿಯಾಯಿತಿ ಹುಡುಕುವ ಪಟ್ಟಿ, ಹವಾಮಾನದ್ದೊಂದು, ಪರದೆಯ ಮೂಲೆಯಲ್ಲಿ ಓಡಾಡುವ ನಾಯಿಮರಿಯೊಂದು, ಯಾವುದು ಏನನ್ನು ಕದ್ದು ನೋಡುತ್ತಿತ್ತೋ, ಅಪ್‌ಡೇಟ್ ಮಾಡಿ ಎಂದು ಬ್ರೌಸರು ದಿನಾ ಅಂಗಲಾಚುತ್ತಿತ್ತು, ಇವರು ಆಮೇಲೆ, ಆಮೇಲೆ ಎಂದು ಒತ್ತುತ್ತಲೇ ಬಂದರು. ಮೂರು ಸಲ ದೂರು ಬರೆದು ಕೊಟ್ಟಳು, ನೋಡೋಣ ಕಣಮ್ಮ ಅಂದರು ಡಾಕ್ಟರು, ನೋಡಲಿಲ್ಲ, ನೋಡುವುದೆಲ್ಲಿ, ಹನ್ನೊಂದರ ತನಕ ಅವರ ಕುರ್ಚಿ ಖಾಲಿ. ಅದಕ್ಕೇ ಇವತ್ತು ಎಲ್ಲರಿಗಿಂತ ಮೊದಲು ಬಂದು ನಾಯಿಮರಿಯನ್ನು ಓಡಿಸಿದಳು, ಕೂಪನ್ ಕಿತ್ತಳು, ಅಪ್‌ಡೇಟ್ ಹಾಕಿದಳು, ಹಳೆಯ ಕಸವನ್ನೆಲ್ಲ ಅಳಿಸಿದಳು, ಕಣ್ಣು ಮಿಟುಕಿಸುವಷ್ಟರಲ್ಲಿ ವರದಿಯ ಪುಟ ಫಳ್ಳೆಂದು ತೆರೆದುಕೊಂಡಿತು, ಒಬ್ಬಳೇ ನಕ್ಕಳು.

ಕಸ ಅಳಿಸುವಾಗ ಎಲ್ಲ ಸಾಲಿಗೂ ಟಿಕ್ ಹಾಕಿದ್ದು ತಪ್ಪೇ, ಉಳಿಸಿಟ್ಟ ಪಾಸ್‌ವರ್ಡ್‌ಗಳು ಎಂಬ ಸಾಲನ್ನು ಓದಬೇಕಿತ್ತು, ಒಪ್ಪುತ್ತಾಳೆ, ಆದರೆ ಡಾಕ್ಟರ ಪಾಸ್‌ವರ್ಡ್ ಡಾಕ್ಟರಿಗೇ ಗೊತ್ತಿಲ್ಲ ಎಂದರೆ ಅದು ಯಾರ ತಪ್ಪು. ಪ್ರತಿ ವರದಿಯನ್ನೂ ಅವರು ಕೂತು ಓದಿ ಒಪ್ಪಿಗೆ ಒತ್ತಬೇಕು, ನಿಯಮ ಗೋಡೆಯ ಮೇಲೇ ಇದೆ, ಓದಿದವರು ಯಾರು, ಬ್ರೌಸರು ಅವರ ಹೆಸರನ್ನೂ ಎಂಟು ಕಪ್ಪು ಚುಕ್ಕೆಗಳನ್ನೂ ಸಿದ್ಧವಾಗಿ ಹಿಡಿದು ಕೂತಿರುತ್ತಿತ್ತು, ದಾರಿಯಲ್ಲಿ ಹೋಗುವವರು ಬಗ್ಗಿ ಒಂದು ಸಲ ಒತ್ತಿದರೆ ಮುಗಿಯಿತು, ಕೂಪನ್ ಅಣ್ಣ ಫೋನಿನಲ್ಲಿ ಮಾತಾಡುತ್ತ ಒತ್ತುತ್ತಿದ್ದ, ಅಯ್ಯೋ, ಅವಳೂ ಒತ್ತಿದ್ದಾಳೆ, ಅವಳೇ ಒತ್ತಿದ್ದಾಳೆ, ಅಮ್ಮನಿಗೆ ಆದದ್ದು ಗೊತ್ತಿದ್ದೂ. ಅದು ಬೇರೆ ಲ್ಯಾಬು, ಎಲ್ಲ ಸರಿಯಾಗಿದೆ ಎಂಬ ವರದಿ, ಅಮ್ಮ ಸಮಾಧಾನವಾಗಿ ನಿದ್ದೆ ಮಾಡಿದಳು, ಐದು ತಿಂಗಳು ಕಳೆದ ಮೇಲೆ ರೋಗ ಗೊತ್ತಾದಾಗ ಯಾರೂ ಏನೂ ಮಾಡುವ ಹಾಗಿರಲಿಲ್ಲ, ವರದಿ ಹಿಡಿದು ಒಪ್ಪಿಗೆ ಕೊಟ್ಟ ಡಾಕ್ಟರನ್ನು ಹುಡುಕಿ ಹೋದರೆ ಖಾಲಿ ಕುರ್ಚಿ, ಅವತ್ತು ಅವರು ರಜೇಲಿದ್ರು ಅನ್ನುತ್ತಾರೆ ಅಲ್ಲಿಯವರು, ಮತ್ತೆ ಇವರ ಹೆಸರು ಹೇಗೆ ಬಂತು, ಅದು ಸಿಸ್ಟಮ್ಮಲ್ಲಿ ತಾನಾಗೇ ಬರುತ್ತೆ ಬಿಡಿ — ತಾನಾಗೇ, ಅಮ್ಮನೂ ತಾನಾಗೇ ಹೋದಳೇನು. ಸ್ವಲ್ಪ ಸರಿಯಮ್ಮ, ಇಲ್ಲಿಯ ಡಾಕ್ಟರು ಬಂದೇಬಿಟ್ಟರು, ಫೋನಿಗೆ ಬಂದ ಅಂಕಿ ಹಾಕಿ ಹೊಸ ಪಾಸ್‌ವರ್ಡ್ ಮಾಡಿ ನಿಂತೇ ಒತ್ತುತ್ತಿದ್ದಾರೆ, ಎಂಟು ಕಪ್ಪು ಚುಕ್ಕೆ, ಬ್ರೌಸರು ಕೇಳುತ್ತಿದೆ, ಇದನ್ನು ಉಳಿಸಲೇ, ಉಳಿಸು ಅಂತ ಒತ್ತು, ಮೊದಲಿನ ಹಾಗೇ ನಡೀಲಿ, ಇಲ್ಲಾಂದ್ರೆ ನಾಳೆಯಿಂದ ನೀನು ಬರೋದು ಬೇಡ, ಅನ್ನುತ್ತಾರೆ ಡಾಕ್ಟರು. ಐದು ಜನರ ಉಸಿರು ಅವಳ ಕುತ್ತಿಗೆಯ ಮೇಲೆ, ಹೊರಗೆ ಬೆಂಚಿನ ಮೇಲೆ ಯಾರದೋ ಅಮ್ಮ ಕೆಮ್ಮುತ್ತಿದ್ದಾರೆ, ಮೌಸಿನ ಬಾಣ ಉಳಿಸು ಎಂಬುದನ್ನು ದಾಟಿ ಎಂದಿಗೂ ಬೇಡ ಎಂಬುದರ ಮೇಲೆ ನಿಂತಿದೆ, ಬೆರಳು ಒತ್ತಿಯೇಬಿಟ್ಟಿತು, ಅವಳು ಕುರ್ಚಿ ಬಿಟ್ಟು ಎದ್ದು ನಿಂತಿದ್ದಾಳೆ, ವರದಿ ತೆರೆದಿದೆ ಡಾಕ್ಟ್ರೇ, ಕೂತು ಓದಿ, ಕುರ್ಚಿ ಖಾಲಿ, ಕುರ್ಚಿ ಇನ್ನೂ ಖಾಲಿ, ಖಾಲಿ ಕುರ್ಚಿ —