ಮನೆಯಿಲ್ಲದ ಸ್ವರ

"ಸ್ವಲ್ಪ ಓರೆ ಮಾಡಿ ಮೇಷ್ಟ್ರೇ, ಗೋಡೆಗೆ ತಗಲುತ್ತೆ," ಎಂದ ದರ್ಜಿ.

ಹಾರ್ಮೋನಿಯಂ ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಮೇಷ್ಟ್ರು ಕೆಳಗಿನಿಂದ ಎತ್ತಿ ಹಿಡಿದು ಏದುಸಿರು ಬಿಡುತ್ತಿದ್ದರು. ಮೇಲಿನ ಕೋಣೆಯಲ್ಲಿ ಅವರ ಗೆಳೆಯ, ಬೀಗ ರಿಪೇರಿಯವನು, ಬೆಳಗ್ಗೆಯಿಂದ ಬಿಳಿ ಹೊದಿಕೆಯಡಿ ಮಲಗಿದ್ದ. ಒಯ್ಯುವ ಗಾಡಿ ಇನ್ನೇನು ಬರುವುದಿತ್ತು.

"ಅತ್ತಿಗೆ ಪೆಟ್ಟಿಗೆ ಯಾಕೆ ತರಿಸಿದ್ರೋ?"

"ಹಾಡಿಸೋಕೆ ಇರಬೇಕು. ಕೀಲಿಗೆ ಅಷ್ಟೂ ಮಾಡದಿದ್ರೆ ಹೇಗೆ ಮೇಷ್ಟ್ರೇ?"

ಇಬ್ಬರೂ ಅವನನ್ನು ಕೀಲಿ ಎಂದೇ ಕರೆಯುತ್ತಿದ್ದರು. ಸತ್ತ ಮೇಲೂ ಬಾಯಿಗೆ ಬೇರೆ ಹೆಸರು ಬರಲಿಲ್ಲ.

ಕೋಣೆಯ ಒಂದು ಗೋಡೆ ತುಂಬ ಕೀಲಿಕೈಗಳು ನೇತಾಡುತ್ತಿದ್ದವು. ಕುರ್ಚಿಗಳಲ್ಲಿ ನೆಂಟರು ಕೂತಿದ್ದರು. ಕೀಲಿಯ ಹೆಂಡತಿ ಆಗಲೇ ಚಾಪೆ ಹಾಸಿಟ್ಟಿದ್ದಳು.

"ಇಲ್ಲಿಡಿ ದರ್ಜಿಯಣ್ಣ, ಅವರ ತಲೆ ಹತ್ರ. ಮೇಷ್ಟ್ರೇ, ಅವರ ಹಾಡು ಹೇಳಿ."

"ಅವನ ಹಾಡಾ?"

"ಅದೇ, ಭಾನುವಾರ ನೀವು ಅವರ ಕೈಲಿ ಹೇಳಿಸ್ತಿದ್ದದ್ದು. 'ಇವತ್ತೂ ಮೊದಲು ನನ್ನದೇ ಆಯ್ತು, ಮೇಷ್ಟ್ರು ಬಿಡಲೇ ಇಲ್ಲ' ಅಂತ ಬಂದು ಹೇಳೋರು. ಮನೇಲಿ ಒಂದ್ಸಲ ಹಾಡಿ ಅಂದ್ರೆ, ಪೆಟ್ಟಿಗೆ ಇಲ್ದೆ ಆಗಲ್ಲ ಅನ್ನೋರು. ಅದಕ್ಕೇ ತರಿಸಿದೆ. ಇವತ್ತಾದ್ರೂ ಅವರ ಹಾಡು ಪೂರ್ತಿ ಕೇಳ್ತೀನಿ."

ದರ್ಜಿ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಕೀಲಿ ಹಾಡುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಬಿಡಿಸಿದವರು ಇವರಿಬ್ಬರೇ. ಅದು ಇವಳಿಗೆ ಗೊತ್ತಾದರೆ ಗತಿಯೇನು?

*

ಭಾನುವಾರ ಮಧ್ಯಾಹ್ನ ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕಾರು ಗೆಳೆಯರು ಸೇರುತ್ತಿದ್ದರು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಪೆಟ್ಟಿಗೆ. ಹಾಡುವವರೂ ತಾವೇ, ಕೇಳುವವರೂ ತಾವೇ, ಹೊಗಳಿಕೊಳ್ಳುವವರಂತೂ ತಾವೇ. ಕೀಲಿಗೆ ಬರುತ್ತಿದ್ದದ್ದು ಒಂದೇ ಹಾಡು, ದಡದಲ್ಲಿ ದೋಣಿಗೆ ಕಾಯುವವಳದು. ಎರಡನೇ ಸಾಲು ಏರುವ ಜಾಗದಲ್ಲಿ ಪ್ರತಿ ಸಲವೂ ಜಾರುತ್ತಿದ್ದ. ಮೇಷ್ಟ್ರು ತಿದ್ದಿ ತಿದ್ದಿ ಸೋತಿದ್ದರು.

ಪೆಟ್ಟಿಗೆಯ ಕರಿ, ಬಿಳಿ ಪಟ್ಟಿಗಳಿಗೆ ಅವರು ಮನೆ ಅನ್ನುತ್ತಿದ್ದರು. ಒಂದು ದಿನ ಕೀಲಿ ಜಾರಿದಾಗ ದರ್ಜಿ ಒಂದು ಮನೆ ಒತ್ತಿದ, ಪಕ್ಕದ್ದನ್ನೂ ಒತ್ತಿದ. ಅವನ ಸ್ವರಕ್ಕೆ ಎರಡೂ ಕೂಡಲಿಲ್ಲ.

"ನಿನ್ನ ಸ್ವರಕ್ಕೆ ಮನೆಯೇ ಇಲ್ಲ ಕಣೋ ಕೀಲಿ! ಪಾಪ, ಬೀದಿಲಿ ನಿಂತಿದೆ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಕೀಲಿ. "ಇನ್ಮೇಲೆ ನೀನು ಕೇಳು, ಸಾಕು," ಎಂದು ಮೇಷ್ಟ್ರು ಅವನ ಬೆನ್ನು ತಟ್ಟಿದರು.

ಮುಂದಿನ ವಾರದಿಂದ ಅವನು ಬಾಗಿಲ ಪಕ್ಕ ಕೂತ. ಚಹಾ ತಂದುಕೊಟ್ಟ, ಪೆಟ್ಟಿಗೆಯ ಸಡಿಲ ಚಿಲಕ ಸರಿಮಾಡಿದ. ಬೇಜಾರಾಯಿತೇ ಎಂದು ಯಾರೂ ಕೇಳಲಿಲ್ಲ. ಒಂದು ವಾರವೂ ತಪ್ಪಿಸದವನಿಗೆ ಎಂಥ ಬೇಜಾರು!

*

ದರ್ಜಿ ಪೆಟ್ಟಿಗೆಯ ಮುಂದೆ ಕೂತ. ಮೇಷ್ಟ್ರು ದೋಣಿಯ ಹಾಡು ಬಿಟ್ಟು, ತಮಗೆ ಚೆನ್ನಾಗಿ ಬರುವ ಬೇರೊಂದನ್ನು ಎತ್ತಿಕೊಂಡರು. ಒಂದು ಸಾಲು ಮುಗಿಯುವಷ್ಟರಲ್ಲಿ ಕೀಲಿಯ ಹೆಂಡತಿ ಕೈ ಅಡ್ಡ ಹಿಡಿದಳು.

"ಇದಲ್ಲ."

"ಅತ್ತಿಗೆ, ಅವನು ಇದನ್ನೂ..."

"ಇದಲ್ಲ ಮೇಷ್ಟ್ರೇ. ಅರ ಹಿಡಿದು ಕೀಲಿಕೈ ಉಜ್ಜೋವಾಗ ಒಬ್ಬರೇ ಗುನುಗೋರು. ನಾನು ಒಳಗೆ ಬಂದ್ರೆ ಟಕ್ ಅಂತ ನಿಲ್ಲಿಸಿಬಿಡೋರು. ಬಾಗಿಲ ಹಿಂದೆ ನಿಂತು ಎರಡು ಸಾಲು ಕಲಿತಿದೀನಿ. ನಾನು ಶುರು ಮಾಡ್ತೀನಿ, ಆಮೇಲಿನದು ನೀವು ಹೇಳಿ."

ಯಾರೆದುರೂ ಹಾಡದವಳು ಕಣ್ಣು ಮುಚ್ಚಿಕೊಂಡು ಹಾಡಿದಳು. ಒಡಕು ದನಿ. ದೋಣಿಗೆ ಕಾಯುವವಳ ಮೊದಲ ಸಾಲಿಗೆ ದರ್ಜಿಯ ಬೆರಳುಗಳು ತಾವಾಗಿಯೇ ಓಡಿದವು. ಎರಡನೇ ಸಾಲು ಏರಿತು. ಅವಳು ಜಾರಿದಳು. ಅದೇ ಜಾಗದಲ್ಲಿ, ಅವನು ಜಾರುತ್ತಿದ್ದಷ್ಟೇ.

ದರ್ಜಿಯ ಕೈ ನಿಂತಿತು. ಮೇಷ್ಟ್ರು ತಲೆ ಎತ್ತಲಿಲ್ಲ.

"ಯಾಕೆ ನಿಲ್ಲಿಸಿದ್ರಿ ದರ್ಜಿಯಣ್ಣ? ತಪ್ಪಾಯ್ತಾ? ಅವರು ಹೀಗೇ ಹೇಳ್ತಿದ್ರಲ್ಲ?"

ಕೆಳಗೆ ಗಾಡಿ ಬಂದು ನಿಂತ ಸದ್ದಾಯಿತು. "ಅಕ್ಕಾ, ಹೊತ್ತಾಯ್ತು," ಎಂದ ಅವಳ ತಮ್ಮ. ಅವಳು ಅತ್ತ ತಿರುಗಲಿಲ್ಲ.

"ಹೀಗೇ ಹೇಳ್ತಿದ್ದ ಅತ್ತಿಗೆ," ಎಂದ ದರ್ಜಿ. "ನಿಮ್ಮದೇನೂ ತಪ್ಪಿಲ್ಲ."

"ಹಾಗಾದ್ರೆ ನುಡಿಸಿ."

ಅವಳು ಮತ್ತೆ ಮೊದಲಿಂದ ಎತ್ತಿಕೊಂಡಳು. ಎರಡನೇ ಸಾಲು ಏರಿ ಆ ಜಾಗಕ್ಕೆ ಬಂದಾಗ ಸ್ವರವನ್ನು ಎಳೆದು ಹಿಡಿದು ಅಲ್ಲೇ ನಿಂತಳು, ಅವನಿಗಾಗಿ ಕಾಯುವವಳಂತೆ. ದರ್ಜಿಯ ಎಡಗೈ ತಿದಿ ಒತ್ತುತ್ತಲೇ ಇತ್ತು. ಬಲಗೈ ಬೆರಳು ಎರಡು ಮನೆಗಳ ನಡುವಿನ ಸಂದಿಯ ಮೇಲೆ ಕೂತಿತ್ತು, ಯಾವುದನ್ನೂ ಒತ್ತಲಿಲ್ಲ. ಹಳೆಯ ತಿದಿಯಿಂದ ಗಾಳಿ ಸೋರುತ್ತಿತ್ತು. ಬಿಳಿ ಹೊದಿಕೆಯ ಪಕ್ಕದಲ್ಲಿ ಪೆಟ್ಟಿಗೆ ಸ್ವರವಿಲ್ಲದೆ, ಬರೀ ಉಸಿರಾಡಿತು.