ತಂಪಾದ ಒಣ ಜಾಗ

ಅಂಗಡಿಯಲ್ಲಿ ಎರಡನೆಯ ಪ್ರಶ್ನೆ ಕೇಳಲು ನನಗೆ ಬರುವುದಿಲ್ಲ. ಮೊದಲನೆಯದನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗುತ್ತೇನೆ, ಅದು ಹೇಗೋ ಬಾಯಿಂದ ಹೊರಬೀಳುತ್ತದೆ. ಬಂದ ಉತ್ತರ ಅರ್ಥವಾಗದಿದ್ದರೂ ತಲೆಯಾಡಿಸಿ ಹೊರಟುಬಿಡುತ್ತೇನೆ. ಇಪ್ಪತ್ತಮೂರು ವರ್ಷದವಳು, ಬಿ.ಎಸ್ಸಿ. ಪಾಸಾದವಳು; ಇದನ್ನು ಯಾರಿಗೂ ಹೇಳಿಲ್ಲ, ಡೈರಿಯಲ್ಲಿ ಮಾತ್ರ ಬರೆದಿದ್ದೇನೆ. ಇಷ್ಟು ಸಣ್ಣ ಸಂಗತಿಯಿಂದ ಒಬ್ಬ ಮನುಷ್ಯನ ಎರಡೂ ಕೈ ಸುಡಬಹುದೆಂದು ಬರೆಯುವಾಗ ಗೊತ್ತಿರಲಿಲ್ಲ.

ಬ್ಯಾಟರಿ ಬೇಕಾದದ್ದು ಕಿಟ್ಟಣ್ಣ ಮಾವನಿಗೆ. ಅವರು ಅಮ್ಮನ ಅಣ್ಣ. ಮಕ್ಕಳಿಲ್ಲ, ಅತ್ತೆ ತೀರಿಕೊಂಡು ಆರು ವರ್ಷ. ಡಿಗ್ರಿ ಮುಗಿಸಿ ಸುಮ್ಮನೆ ಕೂತಿದ್ದ ನನ್ನನ್ನು ಅಮ್ಮ ಪಂಜದ ಅವರ ಮನೆಗೆ ಜೊತೆಗೆಂದು ಕಳಿಸಿದ್ದಳು. ಒಂದು ಕಾಲದಲ್ಲಿ ಮಾವ ಕೆಸರಿನ ರ‍್ಯಾಲಿಗಳಲ್ಲಿ ಜೀಪು ಓಡಿಸಿದವರು. ಸಕ್ಕರೆ ಕಾಯಿಲೆ ಅವರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಕೊಂಡು ಹೋಯಿತು. ಜೀಪು ಮಾರಿದರು. ಆಮೇಲೆ ಒಂದು ವರ್ಷ ಮಾತಿಲ್ಲ. ಮತ್ತೆ ಎಲ್ಲಿಂದಲೋ ಈ ರಿಮೋಟ್ ಕಾರು ಬಂತು. ಮೊಳದಷ್ಟು ಉದ್ದ, ನಾಲ್ಕು ದಪ್ಪ ಚಕ್ರ, ಬಿಟ್ಟರೆ ನಾಯಿಗಿಂತ ಜೋರು.

ರೇಸು ನಡೆಯುತ್ತಿದ್ದದ್ದು ಕಡಬದ ಹತ್ತಿರ, ವಿಷ್ಣುಪ್ರಸಾದ್ ಭಟ್ಟರ ಅಡಿಕೆ ಅಂಗಳದಲ್ಲಿ. ಮೇಲೆ ಪ್ಲಾಸ್ಟಿಕ್ ಮಾಡು, ಕೆಳಗೆ ನುಣುಪಾದ ಸಿಮೆಂಟು. ಹೊಸ ಅಡಿಕೆ ಬಂದು ಹರಡುವವರೆಗೆ ಅಂಗಳ ಖಾಲಿ. ಅಷ್ಟರೊಳಗೆ ಏಳೆಂಟು ಗಂಡಸರು ಭಾನುವಾರ ಸೇರಿ ಹಳೆಯ ಟಯರುಗಳಿಂದ ತಿರುವುಗಳನ್ನು ಮಾಡಿ ಓಡಿಸುತ್ತಿದ್ದರು. ಮಾವ ಕುರ್ಚಿಯಲ್ಲಿ ಕೂತು ರಿಮೋಟಿನ ಗುಂಡಿ ಒತ್ತುವಾಗ ಅವರ ಇಲ್ಲದ ಕಾಲು ಸಹ ಏನನ್ನೋ ತುಳಿಯುತ್ತಿದೆ ಎಂದು ನನಗೆ ಕಾಣುತ್ತಿತ್ತು.

"ಭಟ್ರೇ, ನಿಮ್ಮ ಕಾರು ತಿರುವಿನಲ್ಲಿ ಗಬ್ಬದ ಎಮ್ಮೆ ಹಾಗೆ ಮಲಗ್ತದಲ್ಲ!"

"ಮಲಗಿದ್ರೂ ನಿಮಗಿಂತ ಮುಂದೆ ಉಂಟು ಕಿಟ್ಟಣ್ಣ. ನಿಮ್ಮದು ನಾಲ್ಕು ಸುತ್ತಿಗೆ ಕೆಮ್ಮುದು ಯಾಕೆ?"

ಕೆಮ್ಮುತ್ತಿದ್ದದ್ದು ನಿಜ. ಹಳೆಯ ಬ್ಯಾಟರಿ ಮುಗಿದಿತ್ತು.

ಪುತ್ತೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಜಾಸಿರ್ ಎಂಬವರದ್ದು ಡ್ರೋನ್, ಕ್ಯಾಮೆರಾ ರಿಪೇರಿಯ ಸಣ್ಣ ಅಂಗಡಿ. ಮಾವ ಚೀಟಿ ಬರೆದುಕೊಟ್ಟಿದ್ದರು. ಜಾಸಿರ್ ಅದನ್ನು ಓದಿ ನನ್ನನ್ನು ನೋಡಿದರು.

"ಮಾವನಿಗಾ? ಎಷ್ಟು ವರ್ಷ ಅವರಿಗೆ?"

"ಐವತ್ತೆಂಟು."

"ಮಾಶಾಲ್ಲಾ. ನನ್ನ ಬಾಪ ಐವತ್ತೆಂಟಕ್ಕೆ ಟಿವಿ ರಿಮೋಟ್ ಸಹ ಮುಟ್ಟುದಿಲ್ಲ."

ಅವರು ಎರಡು ಬ್ಯಾಟರಿ ತೆಗೆದು ಗಾಜಿನ ಮೇಲೆ ಇಟ್ಟರು. ಎರಡರಲ್ಲೂ ಎರಡೇ ಸೆಲ್ಲು, ಏಳೂಕಾಲು ಚಿಲ್ಲರೆ ವೋಲ್ಟು. ಭಟ್ಟರ ಅಂಗಳದಲ್ಲಿ ಅದಕ್ಕಿಂತ ಹೆಚ್ಚಿಗೆ ಬಿಡುವುದಿಲ್ಲ. ಒಂದಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚ, ಸೋಪಿನ ಡಬ್ಬಿಯ ಹಾಗೆ. ಇನ್ನೊಂದಕ್ಕೆ ಬೆಳ್ಳಿ ಬಣ್ಣದ ತೆಳು ಹಾಳೆ ಮಾತ್ರ, ಒತ್ತಿದರೆ ಬೆರಳಿಗೆ ಮೆತ್ತಗೆ.

"ಈ ದೊಡ್ಡ ನಂಬ್ರ ಟಾಂಕಿ ಅಂತ ತಿಳ್ಕೊಳ್ಳಿ," ಜಾಸಿರ್ ಹೇಳಿದರು. "ಎಷ್ಟು ಹೊತ್ತು ಓಡ್ತದೆ ಅಂತ. ಪಕ್ಕದಲ್ಲಿ ಸಿ ಅಂತ ಉಂಟಲ್ಲ, ಅದು ಪೈಪು. ಟಾಂಕಿ ದೊಡ್ಡದಿದ್ದು ಪೈಪು ಸಪೂರ ಆದ್ರೆ ಕಾರು ಎಳಿಯುದಿಲ್ಲ. ಎರಡರಲ್ಲೂ ಪೈಪು ಒಳ್ಳೆದುಂಟು."

ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಪ್ರಶ್ನೆಯನ್ನು ಕೇಳಿದೆ. "ಯಾವುದು ಹಗುರ?"

"ಹಗುರ ಮೆತ್ತಗಿನದ್ದೇ. ಆದ್ರೆ ನಾನಾದ್ರೆ ಗಟ್ಟಿದು ಕೊಡುದು. ಪೆಟ್ಟು ಬಿದ್ರೂ ತಡೀತದೆ."

ಮಾವನಿಗೆ ಫೋನು ಮಾಡಿದೆ. "ನೀನೇ ನೋಡಿ ತಾ ಮಗಾ. ಓದಿದವಳಲ್ವಾ? ನಾನು ಇಲ್ಲಿ ಕೂತು ಎಂತ ಹೇಳುದು?" ಎಂದರು.

ಭಟ್ಟರ ಅಂಗಳದ ಎರಡನೇ ತಿರುವು ನೆನಪಾಯಿತು. ಅಲ್ಲಿ ಭಾರದ ಕಾರು ಹೊರಗೆ ಜಾರುತ್ತದೆ. ಮಾವ ಅಲ್ಲಿ ಒಮ್ಮೆಯಾದರೂ ಗೆಲ್ಲಬೇಕು ಎಂದು ನನಗಿತ್ತು. ನಾನು ಬೆಳ್ಳಿ ಹಾಳೆಯದ್ದರ ಮೇಲೆ ಬೆರಳಿಟ್ಟೆ. ಜೀವನದಲ್ಲಿ ಯಾರೂ ಹೇಳಿಕೊಡದೆ ನಾನೇ ಆರಿಸಿದ ವಸ್ತುಗಳು ಬಹಳ ಇಲ್ಲ. ಇದು ಒಂದು.

ಕಟ್ಟಿಕೊಡುವಾಗ ಜಾಸಿರ್ ಹೇಳಿದರು, "ತೇವ ತಾಗ್ಲಿಕ್ಕೆ ಬಿಡ್ಬೇಡಿ ಮತ್ತೆ. ಫುಲ್ ಚಾರ್ಜಲ್ಲಿ ತುಂಬ ದಿನ ಇಡ್ಬೇಡಿ."

ತುಂಬ ದಿನ ಎಂದರೆ ಎಷ್ಟು ದಿನ? ಆ ಪ್ರಶ್ನೆ ಗಂಟಲಿನವರೆಗೆ ಬಂತು. ಹಿಂದೆ ಇಬ್ಬರು ಗಿರಾಕಿಗಳು ನಿಂತಿದ್ದರು. ನಾನು ತಲೆಯಾಡಿಸಿ ಹೊರಗೆ ಬಂದೆ.

ಶನಿವಾರ ಸಂಜೆ ಮಾವ ಬ್ಯಾಟರಿಯನ್ನು ಪೂರ್ತಿ ಚಾರ್ಜು ಮಾಡಿ ನನ್ನ ಕೈಗೆ ಕೊಟ್ಟರು, "ನಾಳೆ ತನಕ ಜೋಪಾನ" ಎಂದರು. ಸ್ವಲ್ಪ ಹೊತ್ತಿಗೆ ಕಡಬದಿಂದ ಫೋನು. ಭಟ್ಟರ ದೊಡ್ಡಪ್ಪ ಹೋಗಿಬಿಟ್ಟಿದ್ದರು. ಸೂತಕದ ಮನೆಯ ಅಂಗಳದಲ್ಲಿ ಆಟ ಉಂಟೇ? ರೇಸು ಎರಡು ವಾರ ಮುಂದಕ್ಕೆ ಹೋಯಿತು.

ಪೊಟ್ಟಣದೊಳಗಿನ ಇಂಗ್ಲಿಷ್ ಕಾಗದವನ್ನು ನಾನು ಓದಿದೆ. ತಂಪಾದ, ಒಣ ಜಾಗದಲ್ಲಿ ಇಡಬೇಕು ಎಂದಿತ್ತು. ಮಳೆ ಬಿಡದ ಸೋಣ ತಿಂಗಳಲ್ಲಿ ನಮ್ಮ ಕಡೆ ತಂಪು ಬೇರೆ, ಒಣ ಬೇರೆ. ಎರಡೂ ಒಂದೇ ಕಡೆ ಸಿಗುವುದಿಲ್ಲ. ಕಪಾಟಿನ ಬಟ್ಟೆಗೆಲ್ಲ ಬೂಸಲು. ಒಣ ಜಾಗ ಎಂದರೆ ಬಚ್ಚಲುಮನೆಯಲ್ಲಿ ಬಿಸಿನೀರಿನ ಒಲೆಯ ಮೇಲಿರುವ ಹಲಗೆ ಒಂದೇ. ಉಪ್ಪು, ಬೆಂಕಿಪೆಟ್ಟಿಗೆ, ತರಕಾರಿ ಬೀಜ ಎಲ್ಲ ಅಲ್ಲೇ ಇರುವುದು. ಸುಂದರಣ್ಣನ ಬೀಡಿ ಕಟ್ಟು ಸಹ. ಸುಂದರಣ್ಣ ಮಾವನ ರಬ್ಬರ್ ಟ್ಯಾಪಿಂಗ್ ಮಾಡುವವರು. ಹೆಂಡತಿ ಅಕ್ಕುವಿನ ಜೊತೆ ಮಾವನ ಹಳೆಯ ಜೀಪು ಶೆಡ್ಡಿನಲ್ಲೇ ಸಂಸಾರ. ಬೆಳಿಗ್ಗೆ ಟ್ಯಾಪಿಂಗ್ ಮುಗಿಸಿ ಬಂದು ಒಲೆ ಹೊತ್ತಿಸಿ, ಮಾವನನ್ನು ಸ್ಟೂಲಿನಲ್ಲಿ ಕೂರಿಸಿ ಮೀಯಿಸುವವರೂ ಅವರೇ.

ತೇವ ತಾಗಬಾರದು ಎಂದು ಜಾಸಿರ್ ಹೇಳಿದ್ದರು. ಕಾಗದದಲ್ಲಿ ಸಹ ಒಣ ಎಂದಿತ್ತು. ಒಮ್ಮೆ ಅಂಗಡಿಗೆ ಫೋನು ಮಾಡಿ ಕೇಳೋಣವೇ ಎಂದು ನಂಬ್ರವನ್ನೂ ತೆಗೆದೆ. ಒತ್ತಲಿಲ್ಲ. ಬ್ಯಾಟರಿಯನ್ನು ಒಂದು ತಗಡಿನ ಡಬ್ಬಿಯಲ್ಲಿ ಹಾಕಿ ಆ ಹಲಗೆಯ ಮೇಲೆ, ಬೀಡಿ ಕಟ್ಟಿನ ಪಕ್ಕ ಇಟ್ಟೆ.

ಒಂಬತ್ತನೆಯ ದಿನ ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದೆ. ಬಚ್ಚಲಿನಿಂದ ಕುಕ್ಕರು ಸೀಟಿ ಹಾಕುವ ಮೊದಲು ಬರುವಂಥ ಒಂದು ಸದ್ದು ಬಂತು. ಆಮೇಲೆ ಸಿಹಿ ಸಿಹಿ ವಾಸನೆಯ ಬಿಳಿ ಹೊಗೆ. "ಸುಂದರಾ!" ಎಂದು ಮಾವ ಕೂಗಿದರು. ನಾನು ಬಾಗಿಲಿಗೆ ಬಂದಾಗ ಡಬ್ಬಿಯ ಮುಚ್ಚಳ ಹಾರಿತ್ತು, ಒಳಗಿನಿಂದ ಗ್ಯಾಸ್ ಒಲೆಯ ಹಾಗೆ ಬೆಂಕಿ ಏಳುತ್ತಿತ್ತು. ಮಾವ ಮೈಯೆಲ್ಲ ಸೋಪಿನಲ್ಲಿ, ಒಂಟಿಕಾಲಲ್ಲಿ, ಗೋಡೆ ಹಿಡಿದು ಏಳಲಾಗದೆ ಕೂತಿದ್ದರು. ಸುಂದರಣ್ಣ ಆಚೆ ಈಚೆ ನೋಡಲಿಲ್ಲ. ಎರಡೂ ಕೈಯಿಂದ ಆ ಡಬ್ಬಿಯನ್ನು ಹಿಡಿದು ನನ್ನನ್ನು ದಾಟಿಕೊಂಡು ಅಂಗಳಕ್ಕೆ ಓಡಿದರು. ಬಿಸಾಡಲು ಹೋದಾಗ ಡಬ್ಬಿ ಅಂಗೈಗೆ ಅಂಟಿಕೊಂಡಿತ್ತು. ಕೊಡವಿದರು.

ಮಾವನಿಗೆ ಒಂದು ಗುಳ್ಳೆಯೂ ಏಳಲಿಲ್ಲ.

ಆ ಸಂಜೆಯೇ ಮಾವ ತೀರ್ಮಾನ ಮಾಡಿಯಾಗಿತ್ತು. "ಬೀಡಿ ಒಣಗಿಸುವವ ಅವನು. ನನ್ನ ಕಾರಿನ ಸಾಮಾನು ಸಹ ಕೊಂಡುಹೋಗಿ ಒಲೆ ಮೇಲೆ ಇಟ್ಟಿದ್ದಾನೆ ನೋಡು. ಬುದ್ಧಿ ಬೇಡ್ವಾ?" ನನ್ನನ್ನು ಕೇಳಲೇ ಇಲ್ಲ. ಅವರು ಬ್ಯಾಟರಿಯನ್ನು ಕೊಟ್ಟದ್ದು ನನ್ನ ಕೈಗೆ ಎಂಬುದು ಅವರಿಗೆ ನೆನಪಿರಲಿಲ್ಲವೋ, ನೆನಪು ಮಾಡಿಕೊಳ್ಳಲು ಮನಸ್ಸಿರಲಿಲ್ಲವೋ. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ನಾಳೆ ಹೇಳುತ್ತೇನೆ ಎಂದು ಡೈರಿಯಲ್ಲಿ ಬರೆದೆ. ಮಾರನೆಯ ದಿನವೂ ಅದನ್ನೇ ಬರೆದೆ. ನಾಲ್ಕು ಪುಟದಲ್ಲಿ ಒಂದೇ ವಾಕ್ಯ.

ಐದನೆಯ ದಿನ ಬಾಡಿಗೆ ಕಾರು ಮಾಡಿ, ಸುಂದರಣ್ಣನನ್ನು ಸೇರಿಸಿದ್ದ ಪುತ್ತೂರಿನ ಆಸ್ಪತ್ರೆಗೆ ಹೊರಟೆವು. ಪೇಟೆಗೆ ಬಂದಾಗ ಮಾವ ಡ್ರೈವರಿಗೆ ಅಂದರು, "ಮೊದಲು ಆ ಬ್ಯಾಟರಿ ಅಂಗಡಿಗೆ ಬಿಡು. ಭಾನುವಾರ ರೇಸುಂಟು."

ನಾನು ಅವರ ಮುಖ ನೋಡಿದೆ. ಅವರು ಹೊರಗೆ ನೋಡುತ್ತಿದ್ದರು.

ಜಾಸಿರ್ ಕಾರಿನ ಹತ್ತಿರವೇ ಬಂದರು. "ಅಕ್ಕ, ಮೊನ್ನೆ ಕೊಟ್ಟದ್ದು ಎಂತ ಆಯ್ತು?"

ಉತ್ತರ ಕೊಟ್ಟದ್ದು ಮಾವ. "ಕೆಲಸದವ ಒಲೆ ಮೇಲೆ ಇಟ್ಟ ಮಾರಾಯ."

"ಯಾ ಅಲ್ಲಾ! ಒಲೆ ಮೇಲಾ? ಅದೂ ಫುಲ್ ಚಾರ್ಜಲ್ಲಿ? ಅರ್ಧ ಇಳಿಸಿ ಇಡ್ಬೇಕು ಅದನ್ನು. ಯಾರು ಇಡ್ತಾರೆ ಹಾಗೆ? ತಲೆ ಸರಿ ಇದ್ದವರು ಇಡ್ತಾರಾ?"

"ಓದು ಬರಹ ಇಲ್ಲದವ. ಎಂತ ಮಾಡುದು? ಈ ಸಲ ಗಟ್ಟಿ ಕವಚದ್ದೇ ಕೊಡು."

ಹೊಸ ಬ್ಯಾಟರಿಯ ಚೀಲ ನನ್ನ ಮಡಿಲಿಗೆ ಬಂತು. ಹಗುರವೇ ಇತ್ತು. ಮೆತ್ತಗಿನದ್ದಕ್ಕಿಂತ ಎಷ್ಟು ಭಾರ ಎಂದು ಕೈಗೆ ಗೊತ್ತಾಗುವಷ್ಟು ವ್ಯತ್ಯಾಸ ಸಹ ಇರಲಿಲ್ಲ.

ಗಂಡಸರ ವಾರ್ಡಿನ ಕೊನೆಯ ಮಂಚದಲ್ಲಿ ಸುಂದರಣ್ಣ ಕೂತಿದ್ದರು. ಎರಡೂ ಕೈಗೆ ಮೊಣಕೈವರೆಗೆ ಬಿಳಿ ಸುತ್ತು. ಅಕ್ಕು ಅವರ ಬಾಯಿಗೆ ಗಂಜಿ ಕೊಡುತ್ತಿದ್ದಳು. ಮಾವನನ್ನು ಕಂಡು ಅವರು ಏಳಲು ನೋಡಿದರು, ಕೈ ಊರಲಾಗದೆ ಹಾಗೇ ವಾಲಿದರು.

"ಕೂತ್ಕೊ, ಕೂತ್ಕೊ. ಡಾಕ್ಟ್ರು ಎಂತ ಹೇಳ್ತಾರೆ?"

"ಬಲಗೈಯ ಬೆರಳು ಮಡಚುದು ಕಷ್ಟ ಅಂತೆ ಅಣ್ಣೇರೆ," ಅಕ್ಕು ಹೇಳಿದಳು. "ಟ್ಯಾಪಿಂಗಿನ ಕತ್ತಿ ಹಿಡಿಲಿಕ್ಕೆ ಆಗುದು ಡೌಟು ಅಂತೆ."

ಮಾವ ಸ್ವಲ್ಪ ಹೊತ್ತು ಊರುಗೋಲಿನ ತುದಿಯಿಂದ ನೆಲ ಕೆರೆದರು. "ನೋಡು ಅಕ್ಕು, ಆಸ್ಪತ್ರೆಯದ್ದು ನಾನು ನೋಡ್ಕೊಳ್ತೇನೆ. ಆದ್ರೆ ಇನ್ನು ಮುಂದೆ ಆಗ್ಲಿಕ್ಕಿಲ್ಲ. ಅವತ್ತು ನಾನು ಒಳಗೇ ಇದ್ದೆ. ಹೀಗೆ ಬುದ್ಧಿ ಇಲ್ಲದೆ ಕಂಡಕಂಡದ್ದನ್ನು ಒಲೆ ಮೇಲೆ ಇಡುವವನನ್ನು ಮನೆ ಹತ್ತಿರ ಇಟ್ಕೊಳ್ಳುದು ಹೇಗೆ? ಶೆಡ್ಡು ಖಾಲಿ ಮಾಡಿ. ಗಡಿಬಿಡಿ ಇಲ್ಲ, ಕೈ ಒಣಗಿದ ಮೇಲೆ ಸಾಕು."

ಅಕ್ಕುವಿನ ಚಮಚ ಬಟ್ಟಲಿನಲ್ಲೇ ನಿಂತಿತು. "ಎಲ್ಲಿಗೆ ಹೋಗುದು ಅಣ್ಣೇರೆ?"

ಮಾವ ಗೋಡೆಯ ಗಡಿಯಾರ ನೋಡಿದರು.

"ಇವರು ಇಟ್ಟದ್ದು ಅಂತ ಯಾರು ಕಂಡದ್ದು?" ಅವಳ ಸ್ವರ ಏರಿತು. ಪಕ್ಕದ ಮಂಚದವರು ತಿರುಗಿ ನೋಡಿದರು. "ಹೇಳಿ ನೀವು, ಬಾಯಿ ಇಲ್ವಾ ನಿಮಗೆ? ಇಟ್ಟದ್ದು ನೀವಾ?"

ಸುಂದರಣ್ಣ ತಮ್ಮ ಕೈಗಳ ಸುತ್ತನ್ನು ನೋಡುತ್ತ ಬಹಳ ಯೋಚನೆ ಮಾಡಿದರು. ಅವರು ಸುಳ್ಳು ಹೇಳುವವರಲ್ಲ. ನಿಜವನ್ನು ಹುಡುಕುತ್ತಿದ್ದರು, ಅದು ಅವರ ಹತ್ತಿರ ಇರಲಿಲ್ಲ.

"ಇಟ್ಟ ನೆನಪಿಲ್ಲ," ಎಂದರು. "ಆದ್ರೆ ನಾನೇ ಇರ್ಬೇಕು ಅಕ್ಕು. ಆ ಹಲಗೆಯಲ್ಲಿ ಇಡುದು ತೆಗಿಯುದು ಎಲ್ಲ ನಾನೇ ಅಲ್ವಾ? ಬೇರೆ ಯಾರು ಅಲ್ಲಿಗೆ ಕೈ ಹಾಕ್ತಾರೆ? ತಪ್ಪಾಯ್ತು ಅಣ್ಣೇರೆ."

ಅವರು ಕೈ ಮುಗಿಯಲು ಹೋದರು. ಎರಡು ಬಿಳಿ ಗಂಟುಗಳು ಒಂದಕ್ಕೊಂದು ತಾಗಿದವು, ಅವರ ಮುಖ ನೋವಿನಿಂದ ಕಿವುಚಿತು.

ಮಾವ ಊರುಗೋಲು ಎತ್ತಿಕೊಂಡು ನನ್ನತ್ತ ತಿರುಗಿದರು. "ಬಾ ಪ್ರೀತಿಕಾ, ಕಾರು ಕಾಯ್ತಾ ಉಂಟು."

ನಾನು ಅಲ್ಲಾಡಲಿಲ್ಲ. ಇನ್ನೊಮ್ಮೆ ಕರೆದರು. ಅಕ್ಕು ನನ್ನನ್ನು ನೋಡಿದಳು, ನನ್ನಿಂದ ಏನೂ ನಿರೀಕ್ಷಿಸದ ನೋಟ ಅದು. ನಾನು ಕೈಯಲ್ಲಿದ್ದ ಬ್ಯಾಟರಿಯ ಚೀಲವನ್ನು ಮಂಚದ ಕೆಳಗೆ ನೆಲದ ಮೇಲೆ ಇಟ್ಟೆ.

"ಮಾವ, ಅದನ್ನು ಒಲೆ ಮೇಲೆ ಇಟ್ಟದ್ದು ನಾನು."