ಅವನ ಕಾರಿನಲ್ಲಿದ್ದ ವಚನಗಳು

ಅನಿಕೇತ ತೀರಿಕೊಂಡ ಮೇಲೆ ಅವನ ಕಾರನ್ನು ಮೊದಲ ಸಲ ಹೊರತೆಗೆದೆ. ಅವನ ಜೊತೆ ದಿನವೂ ಕಾರ್‌ಪೂಲ್ ಮಾಡುತ್ತಿದ್ದ ಶಿವಾನಿ ಆಫೀಸಿನಲ್ಲಿದ್ದ ಅವನ ಸಾಮಾನು ತಂದುಕೊಟ್ಟಿದ್ದಳು. ಅವಳನ್ನು ಫ್ರೀಮಾಂಟ್ ರೈಲು ಸ್ಟೇಷನ್ನಿಗೆ ಬಿಡಬೇಕಿತ್ತು.

ಕಾರು ಶುರುವಾದೊಡನೆ ತಂಬೂರಿ ಕೇಳಿಸಿತು, ಹಿಂದೆಯೇ ವಚನ. ಧಾರವಾಡದಿಂದ ನಾನು ತಂದಿದ್ದ ಆಲ್ಬಮ್ಮು. ಮದುವೆಯಾದ ಹೊಸದರಲ್ಲಿ ಹಾಕಿದಾಗ ಅನಿಕೇತ, "ಸತ್ತವರ ಮನ್ಯಾಗ ಭಜನಿ ಹಚ್ಚಿದಂಗದ, ಬಂದ್ ಮಾಡು" ಎಂದಿದ್ದ. ಆಮೇಲೆ ನಾನು ಹಾಕಲಿಲ್ಲ. ಸಿಡಿ ಎಲ್ಲಿ ಹೋಯಿತೆಂಬುದನ್ನೂ ಮರೆತಿದ್ದೆ.

"ನೆಕ್ಸ್ಟ್ ಟ್ರ್ಯಾಕು ಅವ್ರ ಫೇವರಿಟ್ಟು, ಅಕ್ಕಾ," ಎಂದಳು ಶಿವಾನಿ. "ಆಫೀಸಿನ ದಾರೀಲಿ ಬ್ರಿಡ್ಜು ಮುಗಿಯೋವರೆಗೂ ಹಾಡೋರು. ಪಕ್ಕದ ಲೇನಿನವರು ತಿರುಗಿ ನೋಡ್ಬೇಕು, ಅಷ್ಟು ಜೋರಾಗಿ! ನೀವೇ ಕಲಿಸಿದೀರ ಅಂದ್ಕೊಂಡಿದ್ದೆ."

ಅವನು ಹಾಡಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಅವನು ಹೋದ ದಿನ ಮಾವ ಭಜನೆಯವರನ್ನು ಕರೆಸಲು ಹೊರಟಾಗ, ಅವನಿಗೆ ಸೇರುವುದಿಲ್ಲವೆಂದು ನಾನೇ ತಡೆದಿದ್ದೆ. ಹಾಡಿಲ್ಲದೆ ಅವನನ್ನು ಕಳಿಸಿದ್ದೆವು.

ಮುಂದಿನ ವಚನ ಶುರುವಾಯಿತು. ನಾನು ಬಂದ್ ಮಾಡಿದೆ.

"ಯಾಕಕ್ಕಾ?"

"ಸತ್ತವರ ಮನಿ ಇದ್ದಂಗದ, ಶಿವಾನಿ."